ಪದ ಪರಿಚಯ: ಕರ್ತವ್ಯವಾದ

ಮೂಡಿಗೆರೆ ಕಡೆಯ ಕಾಫಿ ತೋಟ ಅಂದುಕೊಳ್ಳಿ. ಜೋರು ಮಳೆಯ ರಾತ್ರಿ. ಲೈನ್ ಮನೆಯ ಹೆಂಗಸೊಬ್ಬಳು ಓಡಿಬಂದು ನಿಮ್ಮ ಅಡುಗೆಮನೆಯಲ್ಲಿ ಅಡಗಿದ್ದಾಳೆ. ಹಿಂದೆಯೇ ಕುಡಿದ ಗಂಡ, ಕೈಯಲ್ಲಿ ಕತ್ತಿ. ‘ಇಲ್ಲಿಗೆ ಬಂದಳಾ?’ ಅನ್ನುತ್ತಾನೆ. ‘ಇಲ್ಲ ಮಾರಾಯ, ಯಾರೂ ಬರಲಿಲ್ಲ’ ಅಂತ ತಾನೇ ನೀವು ಹೇಳುವುದು? ನಾನೂ ಅಷ್ಟೇ.

ಅದು ತಪ್ಪು ಅಂದವರು ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್. ಫಲ ಏನೇ ಬರಲಿ, ಕೆಲವು ಕೆಲಸ ಮಾಡಲೇಬೇಕು, ಕೆಲವನ್ನು ಮಾಡಲೇಬಾರದು. ಇದೇ ಕರ್ತವ್ಯವಾದ. ಇಂಗ್ಲಿಷಿನವರು ಡಿಯಾಂಟಾಲಜಿ ಅನ್ನುತ್ತಾರೆ. ಗೆಳೆಯನನ್ನು ಕೊಲ್ಲಲು ಬಂದವನು ಕೇಳಿದರೂ ಸುಳ್ಳು ಹೇಳುವಂತಿಲ್ಲ ಅಂತ ಕಾಂಟ್ 1797ರಲ್ಲಿ ಬರೆದರು. ನೀವು ‘ಇಲ್ಲ’ ಅಂದಿರಿ, ಅಷ್ಟರಲ್ಲಿ ಗೆಳೆಯ ನಿಮಗೆ ಗೊತ್ತಿಲ್ಲದೆ ಹೊರಗೆ ಜಾರಿ ಅವನ ಕೈಗೇ ಸಿಕ್ಕಿದರೆ? ಹೊಣೆ ನಿಮ್ಮ ತಲೆಗೆ, ಇದು ಅವರ ವಾದ.

ನಮ್ಮ ಮಹಾಭಾರತ ಇದಕ್ಕೆ ಉಲ್ಟಾ. ಕರ್ಣಪರ್ವದಲ್ಲಿ ಕೃಷ್ಣ ಕೌಶಿಕ ಅನ್ನುವ ತಪಸ್ವಿಯ ಕತೆ ಹೇಳುತ್ತಾನೆ. ಕಳ್ಳರಿಗೆ ಹೆದರಿ ಅಡಗಿದ್ದವರ ಜಾಗವನ್ನು ಕೌಶಿಕ ಕಳ್ಳರಿಗೇ ತೋರಿಸಿದ, ಸತ್ಯವ್ರತ ಅಂತ. ಅವರು ಸತ್ತರು, ಇವನು ನರಕಕ್ಕೆ ಹೋದ.

ಆದರೆ ಕಾಂಟ್ ಸುಮ್ನೆ ಕೈಕಟ್ಟಿ ನಿಲ್ಲಿ ಅನ್ನಲಿಲ್ಲ. ಸುಳ್ಳು ಬೇಡ ಅಂದರೆ ಬಾಯಿ ಬಿಡಬೇಕು ಅಂತಲ್ಲ. ಉತ್ತರ ಕೊಡದೆ ಬಾಗಿಲು ಹಾಕಬಹುದು. ಒಬ್ಬರ ಸ್ವಾತಂತ್ರ್ಯಕ್ಕೆ ಅಡ್ಡ ಬಂದವನನ್ನು ಬಲ ಹಾಕಿ ತಡೆಯುವುದು ನ್ಯಾಯವೇ ಅಂತಲೂ ಅವರು ಅದೇ ವರ್ಷ ಬರೆದಿದ್ದಾರೆ. ಅಂದರೆ ಕತ್ತಿ ಕಿತ್ತುಕೊಳ್ಳಿ, 112ಕ್ಕೆ ಫೋನ್ ಮಾಡಿ, ತಕರಾರಿಲ್ಲ. ಕೈ ತಿರುಚಬಹುದಂತೆ, ಒಂದು ‘ಇಲ್ಲ’ ಮಾತ್ರ ಹೇಳಬಾರದಂತೆ! ಇದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಅಮೆರಿಕದ ತತ್ವಜ್ಞಾನಿ ಕ್ರಿಸ್ಟೀನ್ ಕೋರ್ಸ್‌ಗಾರ್ಡ್‌ಗೂ ಇಳಿದಿಲ್ಲ. ಅವರದೂ ಕಾಂಟ್ ದಾರಿಯೇ. ನಿಯಮಕ್ಕೆ ಎರಡು ಮಟ್ಟ ಇರಲಿ ಅಂತ 1986ರಲ್ಲಿ ವಾದಿಸಿದರು. ಎಲ್ಲರೂ ನೆಟ್ಟಗಿರುವ ಲೋಕದಲ್ಲಿ ಸುಳ್ಳಿಗೆ ಜಾಗವೇ ಇಲ್ಲ, ನಮ್ಮ ಕಣ್ಣು ಆ ಲೋಕದ ಮೇಲಿರಲಿ. ಆದರೆ ಕೆಟ್ಟವನ ಎದುರು ಅದೇ ನಿಯಮಕ್ಕೆ ಜೋತುಬಿದ್ದರೆ ನಾವೇ ಅವನ ಹತ್ಯಾರು ಆಗುತ್ತೇವೆ. ಕಾಂಟ್ ಹೇಳಿದ ಆ ಕೊಲೆಗಾರನೇ ಉದ್ದೇಶ ಮುಚ್ಚಿಟ್ಟು ಕೇಳುತ್ತಿದ್ದಾನೆ, ಅಲ್ವಾ? ಅಂಥ ಹೊತ್ತಿನಲ್ಲಿ ಸುಳ್ಳು ಹೇಳಬಹುದು. ಬೇಕಾದ್ದೆಲ್ಲ ಮಾಡಲು ರಹದಾರಿ ಅಲ್ಲ, ಅಷ್ಟೇ.

ಮರುದಿನ ನಶೆ ಇಳಿದು, ಬರಿಗೈಲಿ ಬಂದು ಅವನು ಮತ್ತೆ ಕೇಳುತ್ತಾನೆ ಅನ್ನಿ. ಈಗ ‘ಎಲ್ಲಿದ್ದಾಳೆ ಅಂತ ಗೊತ್ತು, ನಿನಗೆ ಹೇಳುವುದಿಲ್ಲ’ ಅಂತ ಮುಖಕ್ಕೇ ಹೇಳಬಹುದು.