ಪದ ಪರಿಚಯ: ಎಸ್‌ಎಲ್‌ಐ

"ಮಾಮ, ನನ್ನ ಹತ್ರ ಒಂದು 3060 ಇದೆ. ಭದ್ರಾವತಿಯ ಗೆಳೆಯ ತನ್ನದನ್ನ ಮಾರ್ತಾನಂತೆ. ಎರಡನ್ನೂ ಹಾಕಿ ಎಸ್‌ಎಲ್‌ಐ ಮಾಡಿಬಿಟ್ರೆ 4070 ತಗೊಳ್ಳೋ ದುಡ್ಡು ಉಳಿಯುತ್ತೆ ಅಲ್ವಾ?"

ತೀರ್ಥಹಳ್ಳಿಯಿಂದ ಅಕ್ಕನ ಮಗನ ಫೋನು. 3060, 4070 ಅಂದರೆ ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡುಗಳು, ಕಂಪ್ಯೂಟರಿನ ಪರದೆಗೆ ಚಿತ್ರ ಬಿಡಿಸುವ ಭಾಗ. ಅವುಗಳ ಮಾತು ಬಂದರೆ ನಮ್ಮ ಕಡೆ ಹುಡುಗರ ಬಾಯಲ್ಲಿ ಈಗಲೂ ಈ ಪದ ಬರುತ್ತದೆ. ಅಂಗಡಿಯಲ್ಲಿ ಹೋಗಿ ಕೇಳಿದರೆ ಮಾತ್ರ ಸಿಗುವುದಿಲ್ಲ.

ಒಂದೇ ಕಂಪ್ಯೂಟರಿಗೆ ಎರಡು ಕಾರ್ಡ್ ಕೂರಿಸಿ, ಒಂದೇ ಆಟದ ಚಿತ್ರವನ್ನು ಹಂಚಿಕೊಂಡು ಬಿಡಿಸುವಂತೆ ಮಾಡುವುದಕ್ಕೆ ಎಸ್‌ಎಲ್‌ಐ ಅಂತ ಹೆಸರು. ಈ ಮೂರಕ್ಷರಕ್ಕೆ ಎರಡು ಜನ್ಮ. ಮೊದಲನೆಯದು 1998ರಲ್ಲಿ, ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ2 ಕಾರ್ಡಿನ ಜೊತೆ. ಆಗ ಅದು ಸ್ಕ್ಯಾನ್ ಲೈನ್ ಇಂಟರ್‌ಲೀವ್. ಪರದೆಯ ಒಂದು ಗೆರೆಯನ್ನು ಈ ಕಾರ್ಡ್ ಎಳೆದರೆ ಅದರ ಕೆಳಗಿನ ಗೆರೆಯನ್ನು ಆ ಕಾರ್ಡ್ ಎಳೆಯುತ್ತಿತ್ತು, ಚಾಪೆ ಹೆಣೆದ ಹಾಗೆ. ಒಂಟಿ ಕಾರ್ಡಿಗೆ 800×600 ಗಾತ್ರದ ಚಿತ್ರವೇ ಮಿತಿ. ಜೋಡಿಯಾದರೆ 1024×768. 2000ದ ಡಿಸೆಂಬರಿನಲ್ಲಿ ಆ ಕಂಪನಿಯ ಆಸ್ತಿಯನ್ನು ಎನ್‌ವಿಡಿಯಾ ಕೊಳ್ಳುವ ಮಾತಾಯಿತು. 2004ರಲ್ಲಿ ಜೀಫೋರ್ಸ್ 6 ಸರಣಿಯ ಜೊತೆ ಅದೇ ಮೂರಕ್ಷರ ಮತ್ತೆ ಬಂತು. ಈ ಸಲ ಸ್ಕೇಲಬಲ್ ಲಿಂಕ್ ಇಂಟರ್‌ಫೇಸ್ ಅಂತ ಬಿಡಿಸಿ ಹೇಳಿದರು. ಮರುವರ್ಷ ಎದುರಾಳಿ ಕಂಪನಿ ಎಟಿಐ ತನ್ನ ಕ್ರಾಸ್‌ಫೈರ್ ತಂದಿತು. ಹೆಸರು ಬೇರೆ, ಕಸುಬು ಒಂದೇ.

ಹೆಸರಿನ ಬಿಡಿಸುವಿಕೆ ಬದಲಾದ ಹಾಗೆ ಕೆಲಸ ಹಂಚುವ ರೀತಿಯೂ ಬದಲಾಯಿತು. ಹೊಸ ಎಸ್‌ಎಲ್‌ಐನಲ್ಲಿ ಸಾಮಾನ್ಯವಾಗಿ ಗೆರೆ ಹಂಚುತ್ತಿರಲಿಲ್ಲ, ಇಡೀ ಫ್ರೇಮನ್ನೇ, ಅಂದರೆ ಪರದೆ ತುಂಬುವ ಒಂದೊಂದು ಚಿತ್ರವನ್ನೇ, ಸರದಿಯಲ್ಲಿ ಕೊಡುತ್ತಿದ್ದರು. ಮೊದಲನೇ ಫ್ರೇಮ್ ಒಂದಕ್ಕೆ, ಎರಡನೆಯದು ಇನ್ನೊಂದಕ್ಕೆ, ಮೂರನೆಯದು ಮತ್ತೆ ಮೊದಲನೆಯದಕ್ಕೆ. ಇದಕ್ಕೆ ಆಲ್ಟರ್ನೇಟ್ ಫ್ರೇಮ್ ರೆಂಡರಿಂಗ್ ಅನ್ನುತ್ತಾರೆ. ಎಲ್ಲ ತಕರಾರು ಹುಟ್ಟಿದ್ದು ಇಲ್ಲಿಂದಲೇ.

ಸಾಗರದ ರಸ್ತೆಯಲ್ಲಿ ಕುಂಸಿ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದೀರಿ ಅಂದುಕೊಳ್ಳಿ. ಗಂಟೆಗೆ ನಾಲ್ಕು ಬಸ್ಸಿದೆ, ಅಂದರೆ ಹದಿನೈದು ನಿಮಿಷಕ್ಕೊಂದು. ಲೆಕ್ಕದಲ್ಲಿ. ಆದರೆ ಒಂಬತ್ತಕ್ಕೊಂದು ಬಂತು, ಅದನ್ನು ಓವರ್‌ಟೇಕ್ ಮಾಡುವ ಹಟದಲ್ಲಿ ಒಂಬತ್ತು ಎರಡಕ್ಕೆ ಇನ್ನೊಂದು ಬಂತು. ಆಮೇಲೆ ಒಂಬತ್ತೂವರೆವರೆಗೆ ರಸ್ತೆ ಖಾಲಿ. ಸರಾಸರಿ ಹದಿನೈದೇ. ನೀವು ಕಾದಿದ್ದು ಇಪ್ಪತ್ತೆಂಟು.

ಎರಡು ಕಾರ್ಡುಗಳು ಮಾಡುತ್ತಿದ್ದುದೂ ಇದನ್ನೇ. ಸೆಕೆಂಡಿಗೆ 60 ಫ್ರೇಮ್ ಅಂದರೆ ಪ್ರತಿ 16.7 ಮಿಲಿಸೆಕೆಂಡಿಗೆ ಒಂದು ಬರಬೇಕು. ಎರಡೂ ಕಾರ್ಡ್ ಹೆಚ್ಚುಕಡಿಮೆ ಒಟ್ಟಿಗೇ ಕೆಲಸ ಶುರು ಮಾಡಿ ಒಟ್ಟಿಗೇ ಮುಗಿಸಿದರೆ, ಮೊದಲ ಫ್ರೇಮಿನ ಬೆನ್ನಿಗೇ 5 ಮಿಲಿಸೆಕೆಂಡಿನಲ್ಲಿ ಎರಡನೆಯದು ಬರುತ್ತದೆ. ಆಮೇಲೆ 28 ಮಿಲಿಸೆಕೆಂಡು ಏನೂ ಇಲ್ಲ. ಮೂಲೆಯಲ್ಲಿ ಅಂಕಿ 60 ಅಂತ ತೋರಿಸುತ್ತಿರುತ್ತದೆ. ಕಣ್ಣಿಗೆ ಮೂವತ್ತರ ಹಾಗೆ ಕಾಣುತ್ತದೆ. ಈ ಸಣ್ಣ ತೊದಲಿಗೆ ಮೈಕ್ರೋ ಸ್ಟಟರ್ ಅಂತ ಹೆಸರು. ಇನ್ನೂ ಒಂದು ವಿಷಯ. ಎರಡು ಕಾರ್ಡ್ ಇದ್ದರೂ ಒಂದೊಂದು ಫ್ರೇಮ್ ತಯಾರಾಗಲು ಬೇಕಾದ ಸಮಯ ಕಡಿಮೆ ಆಗುವುದಿಲ್ಲ. ಹಾಗಾಗಿ ಮೌಸ್ ಒತ್ತಿದ್ದಕ್ಕೆ ಪರದೆ ಉತ್ತರ ಕೊಡುವ ವೇಗ ಒಂದು ಕಾರ್ಡಿನದ್ದೇ.

ನನಗೆ ಇದು ಪುಸ್ತಕದ ಮಾತಲ್ಲ. ಕೆಲವು ವರ್ಷ ಶಿವಮೊಗ್ಗದ ಮನೆಯಲ್ಲಿ ಜೋಡಿ ಕಾರ್ಡ್ ಓಡಿಸಿದ್ದೇನೆ. ಬೆರಳುದ್ದದ ಒಂದು ಬ್ರಿಡ್ಜ್, ಎರಡೂ ತುದಿಗೆ ಚಿನ್ನದ ಬಣ್ಣದ ಹಲ್ಲು. ಅದನ್ನು ಎರಡು ಕಾರ್ಡುಗಳ ತಲೆಗೆ ಸೇತುವೆ ಹಾಗೆ ಸಿಕ್ಕಿಸಿದ ದಿನ ಆದ ಖುಷಿ ಅಷ್ಟಿಷ್ಟಲ್ಲ. ಒಂದು ಆಟ ನಿಜಕ್ಕೂ ಹಾರಿತು. ಇನ್ನೊಂದು ಆಟಕ್ಕೆ ಎರಡನೇ ಕಾರ್ಡ್ ಇದೆ ಅಂತಲೇ ಗೊತ್ತಾಗಲಿಲ್ಲ, ಅದು ಸುಮ್ನೆ ಬಿಸಿಲು ಕಾಯಿಸಿಕೊಂಡು ಕೂತಿತ್ತು. ಕಾರ್ಡ್ ನಡೆಸುವ ತಂತ್ರಾಂಶವಾದ ಡ್ರೈವರಿನಲ್ಲಿ ಪ್ರತಿ ಆಟಕ್ಕೂ ಬೇರೆ ಪ್ರೊಫೈಲ್, ಅಂದರೆ ಕೆಲಸ ಹಂಚುವ ಸೂಚನೆ, ಬೇಕಿತ್ತು. ಏಪ್ರಿಲ್ ಬಂದಾಗ ಮೇಲಿನ ಕಾರ್ಡ್ ಕೆಳಗಿನದರ ಬಿಸಿಗಾಳಿಯನ್ನೇ ಉಸಿರಾಡಿ ಫ್ಯಾನು ಭೋರ್ಗರೆಯತೊಡಗಿತು. ಅಮ್ಮ ಅಡುಗೆಮನೆಯಿಂದ "ಮಿಕ್ಸಿ ಆಫ್ ಮಾಡೋ" ಅಂದಿದ್ದರು.

ಹುಡುಗರು ಜಾಸ್ತಿ ಎಡವುವುದು ಮೆಮೊರಿಯ ಲೆಕ್ಕದಲ್ಲಿ. 12 ಜಿಬಿಯ ಎರಡು ಕಾರ್ಡ್ ಸೇರಿದರೆ 24 ಅಲ್ವಾ ಅಂತ ಕೇಳುತ್ತಾರೆ. ಎಸ್‌ಎಲ್‌ಐನಲ್ಲಿ ಅದು 12ಕ್ಕೇ ನಿಲ್ಲುತ್ತಿತ್ತು. ಇಬ್ಬರೂ ಅದೇ ಆಟದ ಚಿತ್ರ ಬಿಡಿಸುವುದರಿಂದ ಅದೇ ಸರಕು ಎರಡೂ ಕಡೆ ಇರಬೇಕು. ಒಂದೇ ಪಾಠ ಓದಲು ಅಣ್ಣ ತಮ್ಮ ಇಬ್ಬರಿಗೂ ಒಂದೊಂದು ಪ್ರತಿ ಕೊಡಿಸಿದ ಹಾಗೆ. ಮನೆಯಲ್ಲಿ ಪುಸ್ತಕ ಎರಡಾಯಿತು, ಪಾಠ ಎರಡಾಗಲಿಲ್ಲ.

ಕೊನೆಗೆ ಇದನ್ನು ಮುಗಿಸಿದ್ದು ಆಟಗಳೇ. ಈಗಿನ ಆಟಗಳು ಹೊಸ ಫ್ರೇಮ್ ಬಿಡಿಸುವಾಗ ಹಿಂದಿನ ಫ್ರೇಮನ್ನು ನೋಡಿಕೊಳ್ಳುತ್ತವೆ. ಅಂಚು ನಯ ಮಾಡುವ ಟಿಎಎ, ಸಣ್ಣ ಚಿತ್ರವನ್ನು ದೊಡ್ಡದು ಮಾಡುವ ಡಿಎಲ್‌ಎಸ್‌ಎಸ್, ಎಲ್ಲಕ್ಕೂ ಹಳೇ ಫ್ರೇಮ್ ಬೇಕು. ಸರದಿ ಹಂಚಿದ ಮೇಲೆ ಆ ಹಳೇ ಫ್ರೇಮ್ ಇರುವುದು ಪಕ್ಕದವನ ಹತ್ತಿರ. ಪ್ರತಿ ಸಲ ಅವನ ಮನೆಗೆ ಹೋಗಿ ಕೇಳಿ ತರುವಷ್ಟರಲ್ಲಿ ಜೋಡಿಯ ಲಾಭ ಕರಗಿಹೋಗುತ್ತದೆ. 2020ರ 30 ಸರಣಿಯ ಆಟದ ಕಾರ್ಡುಗಳಲ್ಲಿ ಜೋಡಿಸುವ ಕೊಂಡಿ ಉಳಿದದ್ದು 3090, ಆಮೇಲೆ ಬಂದ 3090 ಟಿಐ, ಇವೆರಡಕ್ಕೆ ಮಾತ್ರ. 2021ರ ಜನವರಿಯಿಂದ ಹೊಸ ಎಸ್‌ಎಲ್‌ಐ ಪ್ರೊಫೈಲ್ ಸೇರಿಸುವುದನ್ನೂ ಎನ್‌ವಿಡಿಯಾ ನಿಲ್ಲಿಸಿತು. 40 ಸರಣಿಯಲ್ಲಿ ಕೊಂಡಿಯೇ ಇಲ್ಲ.

ಅಂದರೆ ನಮ್ಮ ಹುಡುಗನ 3060ಯ ತಲೆಯ ಮೇಲೆ ಬ್ರಿಡ್ಜ್ ಸಿಕ್ಕಿಸಲು ಜಾಗವೇ ಇಲ್ಲ. ಎರಡನ್ನು ಕೂರಿಸಬಹುದು. ಆಟಕ್ಕೆ ಒಂದೇ ದುಡಿಯುತ್ತದೆ. "ಹಂಗಾದ್ರೆ ಮದರ್‌ಬೋರ್ಡಿನಲ್ಲಿ ಎರಡು ಜಾಗ ಯಾಕೆ ಕೊಡ್ತಾರೆ?" ಅಂದ. ನ್ಯಾಯವಾದ ಪ್ರಶ್ನೆ.

ಜೋಡಿ ಕಾರ್ಡಿಗೆ ಈಗಲೂ ಕೆಲಸ ಇದೆ, ಎಸ್‌ಎಲ್‌ಐ ಹಂಗೇ ಇಲ್ಲದೆ. ಅಡಿಕೆ ಸುಲಿಯುವ ಚಪ್ಪರ ನೆನಪಿಸಿಕೊಳ್ಳಿ. ಇಬ್ಬರು ತಮ್ಮ ತಮ್ಮ ಮೆಟ್ಟುಗತ್ತಿ ಇಟ್ಟುಕೊಂಡು ಬೇರೆ ಬೇರೆ ರಾಶಿಯ ಮುಂದೆ ಕೂರುತ್ತಾರೆ. ಒಬ್ಬರ ಕೈ ಇನ್ನೊಬ್ಬರಿಗೆ ಕಾಯಬೇಕಾಗಿಲ್ಲ. 3ಡಿ ಚಿತ್ರ ಮಾಡುವ ಬ್ಲೆಂಡರ್ ತಂತ್ರಾಂಶದ ಸೈಕಲ್ಸ್ ರೆಂಡರ್ ಹೀಗೇ ಹಂಚಿಕೊಳ್ಳುತ್ತದೆ, ಎರಡು ಕಾರ್ಡಿದ್ದರೆ ಸಮಯ ಅರ್ಧದ ಹತ್ತಿರ ಇಳಿಯುತ್ತದೆ. ಅಲ್ಲೂ ಇಡೀ ದೃಶ್ಯ ಒಂದೊಂದು ಕಾರ್ಡಿನ ಮೆಮೊರಿಯಲ್ಲೂ ಹಿಡಿಸಬೇಕು ಅನ್ನುವುದು ಬೇರೆ ಮಾತು. ಮದುವೆ ವಿಡಿಯೋ ಎಡಿಟ್ ಮಾಡುವವರು ಮಾತ್ರ ಸ್ವಲ್ಪ ನೋಡಿಕೊಳ್ಳಬೇಕು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ವಿಂಡೋಸ್‌ನಲ್ಲಿ ಒಂದೇ ಕಾರ್ಡ್ ಬಳಸುತ್ತದೆ. ಎರಡನೆಯದು ದುಡಿಯಬೇಕಾದರೆ ದುಡ್ಡು ಕೊಟ್ಟು ಸ್ಟುಡಿಯೋ ಆವೃತ್ತಿ ತಗೊಳ್ಳಬೇಕು.

ಮನೆಯಲ್ಲೇ ಎಐ ಭಾಷಾ ಮಾದರಿ ಓಡಿಸುವವರ ಕಥೆ ಮಜಾ ಇದೆ. ಅಲ್ಲಿ ಲೆಕ್ಕ ತಲೆಕೆಳಗು. ದೊಡ್ಡ ಮಾದರಿಯ ಪದರಗಳಲ್ಲಿ ಅರ್ಧವನ್ನು ಈ ಕಾರ್ಡಿಗೆ, ಉಳಿದರ್ಧವನ್ನು ಆ ಕಾರ್ಡಿಗೆ ಹಾಕಬಹುದು. ಮೆಮೊರಿ ನಿಜಕ್ಕೂ 24 ಆಗುತ್ತದೆ. ಆದರೆ ಒಂದರ ಪದರ ಮುಗಿದ ಮೇಲೇ ಇನ್ನೊಂದರ ಸರದಿ, ಹಾಗಾಗಿ ವೇಗ ದುಪ್ಪಟ್ಟಾಗುವುದಿಲ್ಲ. ಎಸ್‌ಎಲ್‌ಐನಲ್ಲಿ ವೇಗ ಕೂಡುತ್ತಿತ್ತು, ಮೆಮೊರಿ ಕೂಡುತ್ತಿರಲಿಲ್ಲ. ಇಲ್ಲಿ ಮೆಮೊರಿ ಕೂಡುತ್ತದೆ, ವೇಗ ಕೂಡುವುದಿಲ್ಲ. ಒಂದೇ ಜೋಡಿ, ಎರಡು ಗಣಿತ.

ನಮ್ಮೂರಿನವರು ಇನ್ನೊಂದು ಲೆಕ್ಕ ಹಾಕಲೇಬೇಕು, ಅದು ಕರೆಂಟಿನದು. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋಗುವುದು ಮಲೆನಾಡಿಗೆ ಹೊಸದೇನಲ್ಲ. ಅಕ್ಕನ ಮನೆಯ ಕಂಪ್ಯೂಟರಿಗೆ ಇರುವುದು 600 ವಿಎ ಯುಪಿಎಸ್. ಆ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್. 3060 ಒಂದಕ್ಕೆ 170 ವ್ಯಾಟ್, ಎರಡಕ್ಕೆ 340. ಪ್ರೊಸೆಸರ್, ಮಾನಿಟರ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಕರೆಂಟ್ ಹೋದ ಕ್ಷಣ ಯುಪಿಎಸ್ ಒಮ್ಮೆ ಕೂಗಿ ತಾನೂ ಮಲಗಿಬಿಡುತ್ತದೆ. 4070ಕ್ಕೆ 200 ವ್ಯಾಟ್. ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಹೇಗೋ ತಳ್ಳುತ್ತದೆ.

ಇಷ್ಟನ್ನೂ ಫೋನಿನಲ್ಲೇ ಹೇಳಿದೆ. ಅರ್ಧ ಕೇಳಿಸಿತೋ ಇಲ್ಲವೋ, ಆ ಕಡೆ ಮಳೆ ಜೋರಾಗಿತ್ತು. ಮುಂದಿನ ವಾರ ಗೊತ್ತಾಯಿತು, ಆ ಭದ್ರಾವತಿಯ ಗೆಳೆಯ ಮನೆ ಪ್ಲ್ಯಾನುಗಳಿಗೆ ಬ್ಲೆಂಡರಿನಲ್ಲಿ 3ಡಿ ಚಿತ್ರ ಮಾಡಿಕೊಡುವವನಂತೆ. ರೆಂಡರ್ ನಿಧಾನ ಅಂತಲೇ ತನ್ನ ಕಾರ್ಡ್ ಮಾರಲು ಹೊರಟಿದ್ದನಂತೆ. ಅವನು ಮಾರಲಿಲ್ಲ. ನಮ್ಮ ಹುಡುಗನದ್ದನ್ನೂ ತಾನೇ ಕೊಂಡುಕೊಂಡ.