ಸ್ಟ್ರಾಟಾ ಲಾಟ್‌ಗಳ ಒಗ್ಗೂಡಿಸುವಿಕೆ: ಪದ ಪರಿಚಯ

ಅಕ್ಕಪಕ್ಕದ ಎರಡು ಫ್ಲ್ಯಾಟ್‌ಗಳನ್ನು ಕೊಂಡವರು ನಡುವಿನ ಗೋಡೆಯಲ್ಲಿ ಬಾಗಿಲು ತೆಗೆಸಿ ಒಂದೇ ಮನೆಯಂತೆ ವಾಸಿಸತೊಡಗಿದರೂ ನೋಂದಣಿ ದಾಖಲೆಯಲ್ಲಿ ಅವು ಎರಡಾಗಿಯೇ ಉಳಿದಿರುತ್ತವೆ. ದಾಖಲೆಯಲ್ಲೂ ಅವನ್ನು ಒಂದಾಗಿಸುವ ಕ್ರಮವನ್ನು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ‘ಕನ್ಸಾಲಿಡೇಶನ್’, ಅಂದರೆ ಲಾಟ್‌ಗಳ (ಕಟ್ಟಡದಲ್ಲಿ ಪ್ರತ್ಯೇಕ ಹಕ್ಕಿರುವ ಒಂದೊಂದು ಘಟಕದ) ಒಗ್ಗೂಡಿಸುವಿಕೆ, ಎನ್ನುತ್ತಾರೆ. ಜಮೀನಿನ ವ್ಯವಹಾರ ಬಲ್ಲವರು ಇದನ್ನು ಪೋಡಿಗೆ, ಅಂದರೆ ಜಮೀನನ್ನು ಭಾಗ ಮಾಡಿ ಬೇರೆ ಬೇರೆ ದಾಖಲೆ ಮಾಡಿಸುವುದಕ್ಕೆ, ತದ್ವಿರುದ್ಧವಾದ ಕೆಲಸವೆಂದು ತಿಳಿಯಬಹುದು. ಆದರೆ ಇಲ್ಲಿ ಕೂಡಿಕೊಳ್ಳುವುದು ನೆಲವಲ್ಲ, ನೆಲದ ಮೇಲೆ ಪದರ ಪದರವಾಗಿ ಎದ್ದ ಜಾಗ. ಸ್ಟ್ರಾಟಾ ಎಂಬ ಲ್ಯಾಟಿನ್ ಮೂಲದ ಪದದ ಅರ್ಥವೇ ಪದರಗಳು. ನಮ್ಮ ‘ಸ್ತರ’ ಅದರ ದೂರದ ದಾಯಾದಿ.

ಒಂದೇ ಕಟ್ಟಡದ ಬೇರೆ ಬೇರೆ ಭಾಗಗಳಿಗೆ ಪ್ರತ್ಯೇಕ ಹಕ್ಕು ಕೊಡುವ ಸ್ಟ್ರಾಟಾ ಕಾನೂನು ಆ ರಾಜ್ಯದಲ್ಲಿ ಮೊದಲು ಬಂದದ್ದು 1961ರಲ್ಲಿ. ಈಗ ಜಾರಿಯಲ್ಲಿರುವುದು 2015ರ ಕಾಯ್ದೆಗಳು. ಇವುಗಳ ಪ್ರಕಾರ ಲಾಟ್ ಎಂದರೆ ಒಂದು ಅಥವಾ ಹೆಚ್ಚು ಘನಾಕಾರದ ಜಾಗ. ಮೂರನೆಯ ಮಹಡಿಯ ಫ್ಲ್ಯಾಟು ಮತ್ತು ನೆಲಮಾಳಿಗೆಯ ಕಾರಿನ ಜಾಗ ಸೇರಿ ಒಂದೇ ಲಾಟ್ ಆಗಿರಬಹುದು. ನಕ್ಷೆಯಲ್ಲಿ ಬೇರೆಯಾಗಿ ಹೇಳದಿದ್ದರೆ ಲಾಟ್‌ನ ಗಡಿ ಗೋಡೆ, ನೆಲ ಮತ್ತು ಛಾವಣಿಯ ಒಳಮೈಗೆ ನಿಂತುಬಿಡುತ್ತದೆ. ಗೋಡೆಯ ಒಡಲು ಎಲ್ಲ ಮಾಲೀಕರ ಸಾಮೂಹಿಕ ಸ್ವತ್ತು. ಅದು ‘ಓನರ್ಸ್ ಕಾರ್ಪೊರೇಶನ್’ ಎಂಬ ಮಾಲೀಕರ ನಿಗಮದ ಹೆಸರಿನಲ್ಲಿರುತ್ತದೆ. ಜನ ಎಡವುವುದು ಇಲ್ಲಿಯೇ. ಒಗ್ಗೂಡಿಸುವ ನಕ್ಷೆಯಲ್ಲಿ ಲಾಟ್‌ಗಳನ್ನಷ್ಟೇ ಸೇರಿಸಲು ಬರುತ್ತದೆ, ಸಾಮೂಹಿಕ ಸ್ವತ್ತನ್ನು ಸೇರಿಸಲು ಬರುವುದಿಲ್ಲ. ಆದ್ದರಿಂದ ಎರಡು ಹಕ್ಕುಗಳು ಒಂದಾದ ಮೇಲೂ ನಡುವಿನ ಗೋಡೆ ನಿಮ್ಮದಾಗುವುದಿಲ್ಲ. ಅದನ್ನು ಒಡೆಯಲು ನಿಗಮದ ವಿಶೇಷ ನಿರ್ಣಯ ಬೇಕು, ಅಂದರೆ ಚಲಾಯಿತ ಮತಗಳ ಮೌಲ್ಯದಲ್ಲಿ ಶೇ. 25ಕ್ಕಿಂತ ಹೆಚ್ಚು ವಿರೋಧ ಇರಬಾರದು.

ಕ್ರಮವೇನೋ ಸರಳ. ನೋಂದಾಯಿತ ಸರ್ವೇಯರ್ ನಕ್ಷೆ ಸಿದ್ಧಪಡಿಸುತ್ತಾರೆ, ಮಾಲೀಕರೂ ಅಡಮಾನವಿದ್ದರೆ ಸಾಲ ಕೊಟ್ಟ ಬ್ಯಾಂಕೂ ಒಪ್ಪಿಗೆ ಕೊಡಬೇಕಾಗುತ್ತದೆ, ನಕ್ಷೆ ನೋಂದಣಿಯಾದೊಡನೆ ಹಳೆಯ ಎರಡು ದಾಖಲೆಗಳು ರದ್ದಾಗಿ ಹೊಸ ಸಂಖ್ಯೆಯ ಒಂದು ದಾಖಲೆ ಹುಟ್ಟುತ್ತದೆ. ಕಾಗದದ ಹಕ್ಕುಪತ್ರವನ್ನು ಆ ರಾಜ್ಯ 2021ರ ಅಕ್ಟೋಬರ್‌ನಲ್ಲಿಯೇ ಕೈಬಿಟ್ಟಿರುವುದರಿಂದ ಬೀರುವಿನಲ್ಲಿಡಲು ಹೊಸ ಪತ್ರವೇನೂ ಸಿಗುವುದಿಲ್ಲ.

ಪ್ರತಿ ಲಾಟ್‌ಗೂ ‘ಯೂನಿಟ್ ಎಂಟೈಟಲ್‌ಮೆಂಟ್’ ಎಂಬ ಪಾಲು ಗೊತ್ತುಮಾಡಿರುತ್ತಾರೆ. ನಿರ್ವಹಣಾ ವಂತಿಗೆ ಲೆಕ್ಕವಾಗುವುದು ಅದರ ಮೇಲೆಯೇ. ಒಟ್ಟು 1000 ಪಾಲಿನ ಕಟ್ಟಡದಲ್ಲಿ 5ನೆಯ ಲಾಟ್‌ಗೆ 45, 6ನೆಯದಕ್ಕೆ 55 ಇದ್ದರೆ ಹೊಸ ಲಾಟ್‌ನದು 100. ಹಾಗಾಗಿ ಒಂದಾಗಿಸಿದರೆ ವಂತಿಗೆ ಕಡಿಮೆಯಾದೀತೆಂಬ ಎಣಿಕೆ ಹುಸಿ. ಕಡಿಮೆಯಾಗುವುದು ಮತ: ಸಾಮಾನ್ಯ ನಿರ್ಣಯಗಳಲ್ಲಿ ಲಾಟ್‌ಗೊಂದರಂತೆ ಮತವಿರುವುದರಿಂದ ಎರಡಿದ್ದದ್ದು ಒಂದಕ್ಕಿಳಿಯುತ್ತದೆ, ಪಾಲಿನ ಲೆಕ್ಕದಲ್ಲಿ ಮತ ಎಣಿಸಬೇಕೆಂದು ಯಾರಾದರೂ ಕೇಳಿದಾಗ ಮಾತ್ರ ಹಿಂದಿನ ತೂಕ ಉಳಿಯುತ್ತದೆ. ಹತ್ತೆಂಟು ಮನೆಗಳ ಚಿಕ್ಕ ಕಟ್ಟಡದಲ್ಲಿ ಈ ಒಂದು ಮತದ ನಷ್ಟ ಸಣ್ಣದಲ್ಲ.

ಮುಂದೆ ಒಂದು ಭಾಗವನ್ನಷ್ಟೇ ಮಾರಬೇಕೆಂದರೆ ಮತ್ತೆ ವಿಭಜನೆಯ ನಕ್ಷೆ ಮಾಡಿಸಬೇಕು. ಅದಕ್ಕೆ ಸ್ಥಳೀಯ ಕೌನ್ಸಿಲ್ ಅಥವಾ ಅರ್ಹ ಪರಿಶೀಲಕರು ಕೊಡುವ ಸ್ಟ್ರಾಟಾ ಪ್ರಮಾಣಪತ್ರ ಬೇಕು. ಎರಡನೆಯ ಅಡುಗೆಮನೆಯನ್ನು ಅಷ್ಟರಲ್ಲಿ ಕಿತ್ತುಹಾಕಿದ್ದರೆ ಅದನ್ನೂ ಮತ್ತೆ ಕಟ್ಟಿಸಿಕೊಳ್ಳಬೇಕಾದೀತು.