ಚಪ್ಪರಕ್ಕೆ ಕಳ್ಳ, ತೋಟಕ್ಕೆ ಹಂದಿ: ಕೋವಿ ಎತ್ತುವ ಮುಂಚೆ

ಅಡಿಕೆಯ ಕೊನೆಕೊಯ್ಲು ಶುರುವಾದರೆ ಮಲೆನಾಡಿನ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಒಂದು ಜಗಳ ಗ್ಯಾರಂಟಿ. ಚಪ್ಪರದಲ್ಲಿ ಒಣಗಲು ಹಾಕಿದ ಅಡಿಕೆ ಕದಿಯಲು ಬಂದವನಿಗೆ ಈಡು ಹೊಡೆದರೆ ಏನಾಗುತ್ತೆ? "ನಮ್ಮ ಜಾಗ, ನಮ್ಮ ಮಾಲು, ಏನೂ ಆಗಲ್ಲ" ಅಂತ ಒಬ್ಬರು. "ಕಳ್ಳನ ಮೈ ಮುಟ್ಟಿದರೂ ನಾವೇ ಒಳಗೆ" ಅಂತ ಇನ್ನೊಬ್ಬರು. ಎರಡೂ ತಪ್ಪು.

ಜೀವ, ಮಾಲು ಎರಡನ್ನೂ ಕಾಪಾಡಿಕೊಳ್ಳಲು ಕಾನೂನು ಕೊಟ್ಟ ಆತ್ಮರಕ್ಷಣೆಯ ಹಕ್ಕು ನಮಗಿದೆ, ಅದಕ್ಕೆ ಮಿತಿಯೂ ಇದೆ. ಈ ಹಕ್ಕಿನ ಬೇರು ಬ್ರಿಟಿಷರ ಕಾಲದಲ್ಲಿ, 1837ರಲ್ಲಿ ಮೆಕಾಲೆ ನೇತೃತ್ವದಲ್ಲಿ ಬರೆದ ದಂಡ ಸಂಹಿತೆಯ ಕರಡಿನಲ್ಲಿದೆ. ಇಲ್ಲಿನ ಜನ ಅನ್ಯಾಯಕ್ಕೆ ಸುಮ್ನೆ ತಲೆಬಾಗುತ್ತಾರೆ, ಎದುರು ನಿಲ್ಲುವ ಧೈರ್ಯ ತುಂಬಬೇಕು ಅನ್ನುವುದು ಆ ಕರಡು ಬರೆದವರ ವಾದ. ಆಳಲು ಬಂದವರೇ ಹೀಗೆ ಬರೆದರು ನೋಡಿ! 1860ರಲ್ಲಿ ದಂಡ ಸಂಹಿತೆ ಬಂತು, 96ರಿಂದ 106ರವರೆಗಿನ ಕಲಂಗಳಲ್ಲಿ ಈ ಹಕ್ಕು ಕೂತಿತು. ತಡೆಯುವಾಗ ಎದುರಾಳಿ ಸತ್ತರೂ ತಪ್ಪಲ್ಲ ಅನ್ನುವ ದಾಳಿಗಳ ಪಟ್ಟಿಗೆ 2013ರಲ್ಲಿ ಆಸಿಡ್ ದಾಳಿ ಸೇರಿತು. 2024ರ ಜುಲೈ 1ರಿಂದ, ದಂಡ ಸಂಹಿತೆಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಹಕ್ಕಿಗೆ 34ರಿಂದ 44ರ ನಂಬರು. ಒಳಗಿನ ಮಾತು ಹೆಚ್ಚು ಕಡಿಮೆ ಹಳೆಯದೇ.

ಪ್ರಾಣಕ್ಕೆ ಕುತ್ತು, ಭಾರಿ ಗಾಯ, ಅತ್ಯಾಚಾರ, ಅಪಹರಣ ಇಂಥ ಭಯ ನಿಜಕ್ಕೂ ಇದ್ದರೆ ಎದುರಾಳಿ ಸತ್ತರೂ ಅಪರಾಧವಲ್ಲ. ಓಡಿಹೋಗಬೇಕು ಅಂತೇನಿಲ್ಲ, ಹೇಡಿಯಂತೆ ನಡೆದುಕೊಳ್ಳಿ ಅಂತ ಕಾನೂನು ಹೇಳುವುದಿಲ್ಲ ಎಂದು 2010ರಲ್ಲಿ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿಯೇ ಹೇಳಿದೆ. ಆದರೆ ಪೊಲೀಸರನ್ನು ಕರೆಯಲು ಸಮಯ ಇದ್ದರೆ ಈ ಹಕ್ಕು ಇಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಹೊಡೆಯುವ ಹಾಗೂ ಇಲ್ಲ. ಕಾಡಂಚಿನ ಒಂಟಿಮನೆಗೆ ರಾತ್ರಿ ಹನ್ನೆರಡಕ್ಕೆ ಜೀಪು ಎಷ್ಟು ಹೊತ್ತಿಗೆ ಬಂದೀತು ಅನ್ನುವುದನ್ನು ಕಲಂ ಬರೆದವರು ಯೋಚಿಸಿದ್ದರೋ ಇಲ್ಲವೋ.

ಮಾಲಿನ ವಿಷಯ ಬೇರೆ. ದರೋಡೆ, ರಾತ್ರಿ ಮನೆ ಒಡೆಯುವುದು, ಮನೆಗೋ ದಾಸ್ತಾನಿಗೋ ಬೆಂಕಿ ಇಡುವುದು, ಇವುಗಳನ್ನು ತಡೆಯುವಾಗ ಪ್ರಾಣ ಹೋದರೂ ಕಾನೂನು ಜೊತೆಗಿರುತ್ತದೆ. ಅಂಗಳದ ಬಯಲು ಚಪ್ಪರದಿಂದ ಅಡಿಕೆ ಎತ್ತುವುದು ಬರೀ ಕಳ್ಳತನ. ಅವನನ್ನು ಹಿಡಿಯಬಹುದು, ಬಿಡದಿದ್ದರೆ ಎರಡೇಟು ಕೊಡಬಹುದು, ಕೊಲ್ಲುವಂತಿಲ್ಲ. ಅವನು ಕತ್ತಿ ಬೀಸಿದನೋ, ಲೆಕ್ಕ ಬದಲಾಯಿತು. ಮೂಟೆ ಬಿಸಾಕಿ ಓಡಿದನೋ, ಮಾಲು ನಿಮ್ಮ ಕೈ ಸೇರಿತು, ಹಕ್ಕು ಅಲ್ಲಿಗೇ ಮುಗಿಯಿತು. ಬೆನ್ನಿಗೆ ಹೊಡೆದ ಈಡು ಆತ್ಮರಕ್ಷಣೆ ಆಗುವುದಿಲ್ಲ.

ಕಾಡುಪ್ರಾಣಿಯ ವಿಷಯದಲ್ಲಿ ನಮ್ಮ ಕಡೆ ಗೋಜಲು ಶುರುವಾಗಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ. ಅದಕ್ಕೂ ಮುಂಚೆ ಷಿಕಾರಿ ಊರಿನ ಮಾಮೂಲಿ ಸಂಗತಿ. ಅತ್ತ 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯಲೆಂದೇ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುತ್ತದೆ. ಇತ್ತ ವನ್ಯಜೀವಿ ಕಾಯ್ದೆಯ 11ನೇ ಕಲಂ, ನಿಮ್ಮ ಅಥವಾ ಇನ್ನೊಬ್ಬರ ಜೀವ ಉಳಿಸಲು ಪ್ರಾಮಾಣಿಕವಾಗಿ ಪ್ರಾಣಿಯನ್ನು ಕೊಂದರೆ ಮಾತ್ರ ತಪ್ಪಲ್ಲ ಅನ್ನುತ್ತದೆ. ಜೀವ ಅಂತ ಇದೆ, ತೋಟ ಅಂತ ಇಲ್ಲ. ಗದ್ದೆ ಉತ್ತು ಹಾಕಿದ ಹಂದಿಯನ್ನು ಹೊಡೆಯಲು ಲಿಖಿತ ಅನುಮತಿ ಬೇಕು. ಬೇಟೆಗೆ ಅಂತಲೇ ಹೋಗಿ, ಹಂದಿ ಮೈಮೇಲೆ ಬಂತು ಎಂದರೆ ಆ ರಕ್ಷಣೆ ಸಿಗದು. ಸತ್ತ ಪ್ರಾಣಿ ಸರ್ಕಾರದ್ದು, ಮಾಂಸ ಪಾಲು ಹಾಕಿದರೆ ಇನ್ನೊಂದು ಕೇಸು. ಇದರ ಮೇಲೆ ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸುವ ಓಡಾಟ ಬೇರೆ. ಕೋವಿ ಕೊಟ್ಟಿದ್ದು ಯಾತಕ್ಕೆ ಅಂತ ರೈತ ಕೇಳಿದರೆ ಅದು ಅಧಿಕಪ್ರಸಂಗ ಅಲ್ಲ, ಅಲ್ವಾ?

ಕೋರ್ಟಿನಲ್ಲಿ ಆತ್ಮರಕ್ಷಣೆ ಅಂತ ತೋರಿಸುವ ಹೊಣೆ ಹೊಡೆದವನ ಮೇಲೆ. ಆದರೆ ಸರ್ಕಾರಿ ವಕೀಲರಷ್ಟು ಗಟ್ಟಿ ಸಾಕ್ಷಿ ಬೇಕಿಲ್ಲ, ಹಾಗೆ ನಡೆದಿರುವ ಸಂಭವವೇ ಹೆಚ್ಚು ಅನ್ನಿಸಿದರೆ ಸಾಕು. ಆ ಗಾಬರಿಯಲ್ಲಿ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಲಾಗದು ಅಂತ ಕೋರ್ಟುಗಳೂ ಒಪ್ಪುತ್ತವೆ. ಮಿತಿ ಮೀರಿದ್ದರೂ ದ್ವೇಷವಿಲ್ಲದೆ, ಪ್ರಾಮಾಣಿಕವಾಗಿ ಮೀರಿದ್ದರೆ ಅದು ಕೊಲೆಗಿಂತ ಕಡಿಮೆ ಅಪರಾಧವಾಗುತ್ತದೆ.

ಈ ರಿಯಾಯಿತಿಯ ಹತ್ತಿರಕ್ಕೂ ಬರದ ಒಂದು ಅಭ್ಯಾಸ ನಮ್ಮಲ್ಲಿದೆ: ಬೇಲಿಗೆ ನೇರ ಕರೆಂಟ್ ಕೊಡುವುದು. ಹಂದಿಗೆ ಅಂತ ಕಟ್ಟಿದ ತಂತಿಗೆ ಬೆಳಗಿನ ಜಾವ ಪಕ್ಕದ ಮನೆಯವರು ಸಿಕ್ಕಿಬಿದ್ದರೆ ಅಲ್ಲಿ ಹಕ್ಕಿನ ಮಾತೇ ಇಲ್ಲ. ಈ ಹಕ್ಕು ಹುಟ್ಟುವುದು ಎದುರಿಗಿರುವ ಅಪಾಯದ ಭಯದಿಂದ. ತಂತಿ ಕಟ್ಟಿದವರು ಆ ಹೊತ್ತಿಗೆ ಒಳಗೆ ಕಂಬಳಿ ಹೊದ್ದು ಮಲಗಿರುತ್ತಾರೆ.